ಗೋಧಿ ಕಾಳಿಗೆ ಸತು, ಕಬ್ಬಿಣ ತುಂಬುವ ಜೀನ್: ಮಾರ್ಕರ್ ಹಿಡಿದು ಸೇರಿಸುವುದು ಹೇಗೆ?

ಜಿಪಿಸಿ-ಬಿ1 ಎಂಬ ಜೀನ್ ಕಾಡು ಎಮ್ಮರ್ ಗೋಧಿಯದ್ದು. ಎಲೆ ಬೇಗ ಹಣ್ಣಾಗುವಂತೆ ಮಾಡಿ, ಅದರಲ್ಲಿದ್ದ ಸಾರಜನಕ, ಸತು, ಕಬ್ಬಿಣವನ್ನು ಕಾಳಿಗೆ ಸಾಗಿಸುತ್ತದೆ. 2006ರಲ್ಲಿ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ ತೋರಿಸಿದರು. ನಾವು ಬಿತ್ತುವ ಬಹುಪಾಲು ತಳಿಗಳಲ್ಲಿ ಇದು ಕೆಟ್ಟಿದೆ, ಇಲ್ಲವೇ ಕಳೆದೇಹೋಗಿದೆ.

ಈ ಜೀನನ್ನು ನಿಮ್ಮ ತಳಿಗೆ ಕೊಡುವ ದಾನಿಯಾಗಿ ಕಾಡು ಗೋಧಿಯನ್ನೇ ತರಬೇಡಿ, ತೆನೆ ಮುರಿದು ಉದುರುವ ಗುಣವೂ ಬೆನ್ನುಹತ್ತಿ ಬರುತ್ತದೆ. ಜೀನ್ ಆಗಲೇ ಸೇರಿರುವ ಗ್ಲುಪ್ರೋದಂಥ ಬ್ರೆಡ್ ಗೋಧಿ ಮೇಲು. ಉತ್ತರ ಕರ್ನಾಟಕದ ಸದಕ ಗೋಧಿಯೂ ಎಮ್ಮರ್ ಬಳಗದ್ದೇ. ಹಾಗೆಂದು ಜೀನ್ ಅದರಲ್ಲಿ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ, ಪರೀಕ್ಷಿಸಿ.

ಕ್ರಾಸ್ ಮಾಡುವುದು ಮಾಮೂಲಿ ಕೆಲಸ: ತಾಯಿಯಾದ ನಿಮ್ಮ ತಳಿಯ ಪ್ರತಿ ಹೂವಿನ ಮೂರು ಪರಾಗಕೋಶ ಕಿತ್ತು, ಚೀಲ ಕಟ್ಟಿ, ಎರಡು-ಮೂರು ದಿನದ ನಂತರ ದಾನಿಯ ಪರಾಗ ಹಾಕಿ. ಹುಟ್ಟಿದ ಗಿಡಕ್ಕೆ ಜೀನ್ ಬಂದಿದೆಯೇ ಎಂದು ನೋಡಲು ಡಿಎನ್‌ಎ ತೆಗೆಯಬೇಕು, ಅದಕ್ಕೆ ಎಳೆ ಎಲೆ 100 ಮಿಲಿಗ್ರಾಂ ಸಾಕು. ಕೊನೆಯಲ್ಲಿ ತೊಳೆದ ಆಲ್ಕೋಹಾಲ್ ಪೂರ್ತಿ ಆರದಿದ್ದರೆ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಕ್ರಿಯೆ) ಏಳುವುದಿಲ್ಲ.

ಜನ ಎಡವುವುದು ಡಿಎನ್‌ಎ ತುಣುಕುಗಳನ್ನು ಉದ್ದದ ಮೇಲೆ ಬೇರ್ಪಡಿಸುವ ಜೆಲ್ಲಿನಲ್ಲಿ. ಈ ಜೀನಿಗೆ ಅಂಟಿಕೊಂಡೇ ಇರುವ ಯುಎಚ್‌ಡಬ್ಲ್ಯೂ89 ಎಂಬ ಮಾರ್ಕರ್, ಅಂದರೆ ಡಿಎನ್‌ಎ ಗುರುತು, ಕೊಡುವುದು ಸುಮಾರು 130 ಬೇಸ್ (ಡಿಎನ್‌ಎಯ ಅಕ್ಷರ) ಉದ್ದದ ತುಣುಕು. ದಾನಿಗೂ ನಿಮ್ಮ ತಳಿಗೂ ಅದರಲ್ಲಿ ವ್ಯತ್ಯಾಸ ಬರೀ 4 ಬೇಸ್. ಮಾಮೂಲಿ ಅಗರೋಸ್‌ನಲ್ಲಿ ಎರಡೂ ಒಂದೇ ಗೆರೆಯಾಗಿ ನಿಲ್ಲುತ್ತವೆ, ಎಲ್ಲ ಗಿಡವೂ 'ಪಾಸ್' ಆದಂತೆ ಕಾಣುತ್ತದೆ. ಶೇ 8ರ ಪಾಲಿಅಕ್ರಿಲಮೈಡ್ ಜೆಲ್ ಹಾಕಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಅಮೋನಿಯಂ ಪರ್‌ಸಲ್ಫೇಟ್ ಅವತ್ತೇ ಕರಗಿಸಿಕೊಳ್ಳಿ, ಹಳೆಯದಾದರೆ ಜೆಲ್ ಗಟ್ಟಿಯಾಗದು. ವೋಲ್ಟೇಜ್ ಏರಿಸಿ ಬೇಗ ಮುಗಿಸುವ ಅಡ್ಡದಾರಿ ಬೇಡ: ನಡುವಿನ ಲೇನ್‌ಗಳು ಬಿಸಿಯಾಗಿ ಮುಂದೆ ಓಡಿ, ಪಟ್ಟಿಗಳ ಸಾಲು ನಗುವ ಬಾಯಿಯಂತೆ ಬಾಗುತ್ತದೆ. ಆ ಬಾಗೇ 4 ಬೇಸ್‌ಗಿಂತ ಹೆಚ್ಚಾಗಿಬಿಡುತ್ತದೆ. ಆದ್ದರಿಂದ ದಾನಿ, ತಾಯಿ, ಎಫ್1 (ಅವೆರಡರ ಮೊದಲ ಮಿಶ್ರ ಪೀಳಿಗೆ) ಮೂರನ್ನೂ ಜೆಲ್ಲಿನ ಎರಡೂ ಅಂಚಿಗೆ, ನಡುವೆಯೂ ಒಮ್ಮೆ ಹಾಕಿ. ಲ್ಯಾಡರ್ (ಉದ್ದ ಗೊತ್ತಿರುವ ತುಣುಕುಗಳ ಅಳತೆಪಟ್ಟಿ) ಒಂದನ್ನೇ ನಂಬಿದರೆ ಕೆಟ್ಟಿರಿ. ದಾನಿಯದೂ ತಾಯಿಯದೂ ಒಂದೊಂದು ಪ್ರತಿ ಇರುವ ಮಿಶ್ರ ಗಿಡದಲ್ಲಿ ಎರಡು ಪಟ್ಟಿಗಳ ಮೇಲೆ ಮಸುಕಾದ ಮೂರನೆಯದೂ ಕಾಣಬಹುದು. ಅದು ಕೊಳೆಯಲ್ಲ, ಎರಡು ಬಗೆಯ ಎಳೆಗಳು ಹೆಣೆದುಕೊಂಡ ಜೋಡಿ. ಬ್ಯಾಕ್‌ಕ್ರಾಸ್‌ನಲ್ಲಿ (ಹುಟ್ಟಿದ ಗಿಡವನ್ನು ಮತ್ತೆ ತಾಯಿ ತಳಿಗೇ ಕ್ರಾಸ್ ಮಾಡುವಾಗ) ನಿಮಗೆ ಬೇಕಾದದ್ದು ಇದೇ ಗಿಡ.

ಪ್ರತಿ ಬ್ಯಾಕ್‌ಕ್ರಾಸ್‌ನಲ್ಲಿ ಅರ್ಧ ಗಿಡಗಳಿಗೆ ಜೀನ್ ಬರುತ್ತದೆ. ಒಂದಾದರೂ ಸಿಗಲು 7 ಗಿಡ ನೋಡಿದರೆ ಶೇ 99 ಖಾತರಿ. ಮೂರನೇ ಸುತ್ತಿಗೆ ತಾಯಿ ತಳಿಯ ಪಾಲು ಸರಾಸರಿ ಶೇ 93.75. ಆಮೇಲೆ ಸ್ವಕೀಯ ಪರಾಗಸ್ಪರ್ಶ, ಎರಡೂ ಪ್ರತಿ ದಾನಿಯದೇ ಆದ ಶುದ್ಧ ಗಿಡ ನಾಲ್ಕರಲ್ಲಿ ಒಂದು, ಅಷ್ಟೇ ಖಾತರಿಗೆ ಇಲ್ಲಿ 17 ನೋಡಿ. ಎಲೆ ಬೇಗ ಒಣಗುವ ಗುಣದಿಂದ ಬಿಸಿ ಸೀಮೆಯಲ್ಲಿ ಕಾಳು ಸಣ್ಣದಾಗಬಹುದು, ಸಾವಿರ ಕಾಳಿನ ತೂಕ ಇಳಿದ ಸಾಲನ್ನು ಮುಲಾಜಿಲ್ಲದೆ ಬಿಡಿ.

ಮಾರ್ಕರ್ ಹೇಳುವುದು ಜೀನ್ ಇದೆ ಎಂದಷ್ಟೇ, ಸತು ಎಷ್ಟು ಎಂದಲ್ಲ. ತಾಯಿ ತಳಿಯನ್ನೂ ಪಕ್ಕದಲ್ಲೇ ಬೆಳೆದು ಕಾಳು ಅಳೆಯಿಸಿ. ಮಣ್ಣಿನಲ್ಲೇ ಸತು ಇಲ್ಲದಿದ್ದರೆ ಯಾವ ಜೀನೂ ಅದನ್ನು ಹುಟ್ಟಿಸಲಾರದು. ತೆನೆಯನ್ನು ಕೈಯಲ್ಲೇ ಉಜ್ಜಿ ಬಿಡಿಸಿ. ಗ್ಯಾಲ್ವನೈಸ್ ತಗಡಿನ ಬುಟ್ಟಿ, ಮೊರ ಬೇಡ, ಅವುಗಳ ಲೇಪವೇ ಸತು. ಲ್ಯಾಬಿನವರಿಗೆ ಅಲ್ಯೂಮಿನಿಯಂ ಕೂಡ ಅಳೆಯಲು ಹೇಳಿ: ಅದು ಏರಿದ್ದರೆ ಕಾಳಿನ ಮೇಲೆ ಧೂಳು ಕೂತಿದೆ, ಜೊತೆಗೆ ಬಂದ ಕಬ್ಬಿಣದ ಅಂಕಿಯನ್ನು ನಂಬಬೇಡಿ.