ಬ್ಯಾನರ್ ಇಲ್ಲದ ವರ್ಷ, ವಡಾಪಾವಿಗೆ ಹತ್ತು ಸಾವಿರ

ಹೋದ ಜೂನ್‌ನಲ್ಲಿ, ಮುಂಬಯಿಯ ವಡಾಲಾದ ನಮ್ಮ ಶಾಲೆಯಲ್ಲಿ, ನಾನು ಮಕ್ಕಳ ಸೇವಾ ಸಂಘದ ಮಾತು ಮತ್ತೆ ಎತ್ತಿದಾಗ ಗಣಿತದ ಸರ್ ಚಹಾದ ಲೋಟವನ್ನೂ ಕೆಳಗಿಡಲಿಲ್ಲ. "ಮೇಡಂ, ಈ ಸಲ ಟೀ ಶರ್ಟ್ ಯಾವ ಬಣ್ಣದ್ದು?" ಎಂದರು. ಸ್ಟಾಫ್ ರೂಮು ನಕ್ಕಿತು. ನಾನೂ ನಕ್ಕೆ, ಯಾಕೆಂದರೆ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಮೊದಲ ವರ್ಷ ದಾದರ್ ಚೌಪಾಟಿಯ ಕಡಲದಡ. ನಲವತ್ತು ಟೀ ಶರ್ಟ್, ಒಂದು ಬ್ಯಾನರ್, ಬಸ್ಸು, ತಿಂಡಿ ಎಂದು ಒಂಬತ್ತು ಸಾವಿರ ಚಿಲ್ಲರೆ ಹೋಯಿತು. ಒಂದೂವರೆ ಗಂಟೆ ಕಸ ಹೆಕ್ಕಿದೆವು, ಫೋಟೋ ಚೆನ್ನಾಗಿ ಬಂತು. ಮಳೆಗಾಲದ ಉಬ್ಬರಕ್ಕೆ ಮುಂಬಯಿಯ ಸಮುದ್ರ ನುಂಗಿದ್ದನ್ನೆಲ್ಲ ದಡಕ್ಕೆ ಕಕ್ಕುತ್ತದೆ ಎಂಬುದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಮಾರನೆಯ ದಿನ ದಡ ಮೊದಲಿನಂತೆಯೇ ಇತ್ತು. ವರ್ಸೋವಾ ಕಡಲದಡದಲ್ಲಿ ವಕೀಲ ಅಫ್ರೋಜ್ ಶಾ 2015ರಲ್ಲಿ ಶುರುಮಾಡಿದ ಕಸ ಹೆಕ್ಕುವ ಕೆಲಸ ಉಳಿದುಕೊಂಡದ್ದು ವಾರವಾರವೂ ಹೋದದ್ದಕ್ಕೆ. ನಾವು ಒಂದು ಭಾನುವಾರ ಹೋಗಿ ಬಂದವರು. ಎರಡನೆಯ ವರ್ಷ ಗಿಡ ನೆಟ್ಟೆವು. ಮೂವತ್ತರಲ್ಲಿ ದೀಪಾವಳಿಗೆ ಉಳಿದದ್ದು ನಾಲ್ಕು. ಅದರಲ್ಲೊಂದನ್ನು ಆಡು ತಿಂದಿತು.

ಹಾಗಾಗಿ ಮೂರನೆಯ ವರ್ಷ ನಾನು ಮಾಡಿದ್ದು ಇಷ್ಟೇ: ದೊಡ್ಡ ಕಾರ್ಯಕ್ರಮ ಒಂದೂ ಇಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ, ಅದೇ ಮಕ್ಕಳು, ಅದೇ ನಾಲ್ಕು ಬಿಲ್ಡಿಂಗು, ಅದೇ ಕೆಲಸ. ದುಡ್ಡನ್ನು ಮಕ್ಕಳೇ ಹುಟ್ಟಿಸಬೇಕು, ಮಕ್ಕಳೇ ಬರೆದಿಡಬೇಕು. ಹತ್ತನೆಯವರಿಗೆ ಎಸ್.ಎಸ್.ಸಿ. ಬೋರ್ಡ್ ಪರೀಕ್ಷೆ ಇದೆಯೆಂದು ಬಿಟ್ಟೆ. ಎಂಟು, ಒಂಬತ್ತರಿಂದ ಹದಿನೆಂಟು ಮಂದಿ. ಆರಾರು ಮಂದಿಯ ಮೂರು ತಂಡಕ್ಕೆ ಅವರೇ ಇಟ್ಟ ಹೆಸರು ಮುಂಬಯಿಯ ಲೋಕಲ್ ರೈಲು ಮಾರ್ಗಗಳದು: ಸೆಂಟ್ರಲ್, ವೆಸ್ಟರ್ನ್, ಹಾರ್ಬರ್. ನಮ್ಮ ವಡಾಲಾ ಇರುವುದು ಹಾರ್ಬರ್ ಮಾರ್ಗದಲ್ಲಿ, ಆದ್ದರಿಂದ ಆ ಹೆಸರಿಗೆ ಜಗಳವೇ ಆಯಿತು. ಹೆಸರಿಗೆ ತಕ್ಕಂತೆ ಆ ತಂಡ ವರ್ಷವಿಡೀ ತಡವಾಗಿಯೇ ಬಂತು.

ದುಡ್ಡು ರದ್ದಿಯಿಂದ. ಹದಿನೈದು ದಿನಕ್ಕೊಮ್ಮೆ ಮನೆಮನೆಯ ಹಳೆ ಪೇಪರು ತಂದು ಮಾರುವುದು. ಕೇಳಲಿಕ್ಕೆ ಸುಲಭ. ಜುಲೈಯಲ್ಲಿ ಮೆಟ್ಟಿಲ ಕೆಳಗೆ ಪೇರಿಸಿಟ್ಟ ತೊಂಬತ್ತು ಕಿಲೋ ಒಂದೇ ರಾತ್ರಿಯ ಮಳೆಗೆ ಮುದ್ದೆಯಾಯಿತು. ರದ್ದಿಯವನು ಕಿಲೋಗೆ ನಾಲ್ಕು ರೂಪಾಯಿ ಎಂದ, ಅದೂ ಉಪಕಾರ ಮಾಡುವವನ ಮುಖದಲ್ಲಿ. ಅಂದಿನಿಂದ ತಂದ ದಿನವೇ ಮಾರಾಟ.

ತೂಕದ್ದು ಇನ್ನೊಂದು ಕಥೆ. ಸೆಂಟ್ರಲ್ ತಂಡದ ಒಬ್ಬಳಿಗೆ ಅನುಮಾನ ಬಂದು, ಮುನ್ನೂರೈವತ್ತು ರೂಪಾಯಿಯ ಕೈತಕ್ಕಡಿ, ಕೊಕ್ಕೆಗೆ ನೇತುಹಾಕುವ ಡಿಜಿಟಲ್ಲು, ತರಿಸಿದೆವು. ನಮ್ಮಲ್ಲಿ ಒಟ್ಟು ಎಪ್ಪತ್ತು ಕಿಲೋ ತೂಗಿದ ಗಂಟುಗಳು ಅಂಗಡಿಯಲ್ಲಿ ಐವತ್ತೆಂಟಾದವು. ಹುಡುಗಿ ಏನೂ ಮಾತಾಡಲಿಲ್ಲ. ಅಂಗಡಿಯ ಐದು ಕಿಲೋ ತೂಕದ ಬಟ್ಟನ್ನೇ ಎತ್ತಿ ನಮ್ಮ ಕೊಕ್ಕೆಗೆ ಸಿಕ್ಕಿಸಿ ಅವನಿಗೆ ತೋರಿಸಿದಳು. ಮುಂದಿನ ಸಲದಿಂದ ನಮ್ಮ ತಕ್ಕಡಿಯ ತೂಕವೇ ತೂಕ. ದರ ಹನ್ನೆರಡು, ಹದಿಮೂರರ ಆಚೀಚೆ. ವರ್ಷಕ್ಕೆ ಸಾವಿರದ ಮುನ್ನೂರು ಚಿಲ್ಲರೆ ಕಿಲೋ, ಹದಿನೇಳು ಸಾವಿರದ ಹತ್ತಿರ ಬಂದಿರಬೇಕು. ಸೊಸೈಟಿ ಸೆಕ್ರೆಟರಿಗಳನ್ನು ಒಪ್ಪಿಸಿದ್ದು ಹೇಗೆ ಎಂದು ಬೇರೆ ಶಾಲೆಯವರು ಕೇಳುತ್ತಾರೆ. ಅದನ್ನು ನಾನು ಹೇಳುವುದಿಲ್ಲ. ನನ್ನ ನಾಲ್ಕು ಬಿಲ್ಡಿಂಗು ನನಗೆ ಬೇಕು.

ಗಣಪತಿಯ ದಿನಗಳಲ್ಲಿ ನಿರ್ಮಾಲ್ಯ, ಅಂದರೆ ಪೂಜೆ ಮುಗಿದ ಹೂವು ಕೂಡಿಸಿ ಗೊಬ್ಬರ ಮಾಡುವುದು. ಒಂದೂವರೆ ದಿನದ್ದು, ಗೌರಿಯ ಜೊತೆ ಹೋಗುವುದು, ಅನಂತ ಚತುರ್ದಶಿಯದು, ಮೂರೂ ಸಲ ಬಿಲ್ಡಿಂಗಿನ ಗೇಟಿನಲ್ಲಿ ಡ್ರಮ್ ಇಟ್ಟು ನಿಂತೆವು. ಹೂವಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಹಾರದ ನೈಲಾನ್ ದಾರ ಬಿಡಿಸಲಿಕ್ಕೆ. ಮೊದಲ ಡ್ರಮ್ ಒಂಬತ್ತನೆಯ ದಿನಕ್ಕೆ ಎಂಥ ನಾತ ಹೊಡೆಯಿತೆಂದರೆ ಮುಖ್ಯೋಪಾಧ್ಯಾಯರು ಕಿಟಕಿ ಮುಚ್ಚಿ ನನ್ನನ್ನು ಕರೆಸಿದರು. ತಪ್ಪು ನನ್ನದೇ: ಬರೀ ಹಸಿ ದಾಸವಾಳ, ಗರಿಕೆ, ಚೆಂಡುಹೂ, ಒಣಗಿದ್ದು ಏನೂ ಇಲ್ಲ. ಬಡಗಿಯ ಅಂಗಡಿಯ ಮರದ ಹೊಟ್ಟು, ಗುಡಿಸಿದ ಒಣ ಎಲೆ, ತೆಂಗಿನ ನಾರು ಸೇರಿಸಿದೆ. ಹುಳಿ ಮಜ್ಜಿಗೆಯ ಜೊತೆ ಇನ್ನೊಂದು ವಸ್ತುವನ್ನೂ ಹಾಕುತ್ತೇನೆ, ಅದು ನಮ್ಮ ಅತ್ತೆಯವರ ಗುಟ್ಟು. ಡಿಸೆಂಬರಿನಲ್ಲಿ ಕಪ್ಪು ಪುಡಿಯಂಥ ಗೊಬ್ಬರ ಬಂತು. ಮೂವತ್ತು ರೂಪಾಯಿಯಂತೆ ನಲವತ್ತು ಪೊಟ್ಟಣ. ಮೊದಲ ಪೊಟ್ಟಣ ಕೊಂಡವರು ಗಣಿತದ ಸರ್, ಇದನ್ನು ಬರೆಯದೆ ಇರಲಾರೆ.

ಮಳೆ ಅಳೆಯುವ ಹುಚ್ಚೂ ನಡುವೆ ಹತ್ತಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಬಿತ್ತೆಂದು ಪಾಠದಲ್ಲಿ ಹೇಳಿದಾಗ ಒಬ್ಬ, "ಅಷ್ಟು ನೀರನ್ನ ಯಾರು ಅಳದ್ರು ಟೀಚರ್?" ಎಂದ. ಕೋಲಾ ಬಾಟಲಿ ಕತ್ತರಿಸಿ, ಬಾಯಿಯ ಭಾಗವನ್ನು ಬೋರಲಾಗಿ ಕೂರಿಸಿ ತಾರಸಿಯಲ್ಲಿ ಇಟ್ಟೆವು. ಬಾಟಲಿಯ ತಳ ಹೂವಿನಂತೆ ಉಬ್ಬುತಗ್ಗಾಗಿರುತ್ತದಲ್ಲ, ಎರಡು ವಾರ ತಪ್ಪು ಲೆಕ್ಕವನ್ನೇ ಬರೆದೆವು. ಆಮೇಲೆ ತಳಕ್ಕೆ ಮೇಣ ಕರಗಿಸಿ ಹುಯ್ದೆವು. ಸೇವೆಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದರೆ ಹಾರ್ಬರ್ ತಂಡ ಸಮಯಕ್ಕೆ ಸರಿಯಾಗಿ ಬಂದದ್ದು ಬಾಟಲಿ ನೋಡಲು ಮಾತ್ರ.

ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸುವ ಯೋಚನೆ ಮೂರೇ ವಾರಕ್ಕೆ ಮುಗಿಯಿತು. ಹಿಂದೆ ಮುಂಬಯಿಯ ಕೋಟೆ (ಫೋರ್ಟ್) ಕಡೆಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹೋಟೆಲ್ ಮಾಣಿಗಳು ಓದಿ ಮೇಲೆ ಬಂದದ್ದನ್ನು ಕೇಳುತ್ತಲೇ ಬೆಳೆದವಳು ನಾನು. ಅದೇ ಗುಂಗಿನಲ್ಲಿ ಮಧ್ಯಾಹ್ನ ಮೂರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದೆ. ಅವರಿಗೆ ನಿದ್ದೆ ಸಿಗುವುದೇ ಆಗ ಎಂಬುದು ನನಗೆ ಹೊಳೆದಿರಲಿಲ್ಲ.

ಸಂಘಕ್ಕೆ ಒಳ್ಳೆಯ ಹೆಸರು ಬಂದದ್ದು ನವೆಂಬರಿನಲ್ಲಿ. ಪಿಂಚಣಿಯವರು ಬದುಕಿದ್ದೇವೆ ಎಂದು ಸಾಬೀತು ಮಾಡುವ ತಿಂಗಳು. ಜೀವನ ಪ್ರಮಾಣ ಎಂಬ ಆ ಡಿಜಿಟಲ್ ಪತ್ರ ಫೋನಿನಲ್ಲೇ ಆಗುತ್ತದೆ, ಆದರೆ ನಮ್ಮ ಬಿಲ್ಡಿಂಗುಗಳ ಅಜ್ಜ ಅಜ್ಜಿಯರು ಬ್ಯಾಂಕಿನ ಸಾಲಿನಲ್ಲೇ ನಿಲ್ಲುತ್ತಿದ್ದರು. ರದ್ದಿಗೆ ಹೋದ ಮಕ್ಕಳಿಗೆ ಪ್ರತಿ ಮನೆಯೂ ಗೊತ್ತಿತ್ತು, ಬಾಗಿಲು ತೆರೆಯಿತು. ಆಪರೇಟರ್ ಆಗಿ ನನ್ನ ಆಧಾರ್, ನನ್ನ ಫೋನು. ಮಕ್ಕಳು ಪಿಂಚಣಿ ಆದೇಶದ ಪಿಪಿಓ ಸಂಖ್ಯೆ ಓದಿ ಹೇಳುವುದು, ಪಾಸ್‌ಬುಕ್ಕಿಗೆ ತಾಳೆ ನೋಡುವುದು. ಓಟಿಪಿ ಬಂದ ಕೂಡಲೇ ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಗೋಡೆಗೆ ಮುಖಮಾಡಿ ನಿಲ್ಲಬೇಕು. ಈ ನಿಯಮವನ್ನು ಒಂದು ದಿನವೂ ಸಡಿಲಿಸಲಿಲ್ಲ.

ಗಿರಣಿಯಲ್ಲಿ ದುಡಿದ ಒಬ್ಬ ಅಜ್ಜ ಇದ್ದರು, ಕಲಬುರಗಿ ಕಡೆಯವರು. ಮೊದಲು ಬೆರಳಿನ ಯಂತ್ರವನ್ನೇ ನಂಬಿದ್ದೆವು, ಯಾರದೋ ಕೈಯಿಂದ ಎರವಲು ತಂದದ್ದು. "ಟೀಚರ್, ಅಜ್ಜಾರ ಬೆರಳ ಹತ್ತವಲ್ದ್ರಿ," ಎಂದ ವೆಸ್ಟರ್ನಿನ ಹುಡುಗ. ತೊಳೆದೆವು, ಒರೆಸಿದೆವು, ಹತ್ತೂ ಬೆರಳು ಒತ್ತಿಸಿದೆವು. ರೇಖೆಯೇ ಸವೆದುಹೋಗಿತ್ತು. ಮುಖ ತೋರಿಸುವ ಆ್ಯಪ್ ತೆರೆದರೆ ಅದೂ ಒಪ್ಪಲಿಲ್ಲ: ಕಿಟಕಿ ಅಜ್ಜನ ಬೆನ್ನ ಹಿಂದೆ, ಮುಖವೆಲ್ಲ ಕತ್ತಲು. ಚಾಳಿನ ಖೋಲಿಯಲ್ಲಿ ಮಂಚ ತಿರುಗಿಸುವಷ್ಟೂ ಜಾಗವಿಲ್ಲ. ಹುಡುಗ ಹಗ್ಗದ ಮೇಲಿದ್ದ ಅಜ್ಜನ ಬಿಳಿ ಪಂಚೆ ಎಳೆದು, ಇಬ್ಬರು ಎರಡು ತುದಿ ಹಿಡಿದು, ಬೆಳಕು ಮುಖದ ಮೇಲೆ ಬೀಳುವಂತೆ ಎದುರಿಗೆ ಚಾಚಿದರು. "ಅಜ್ಜಾರ, ಕನ್ನಡಕ ತಗೀರಿ. ಈಗ ಕಣ್ಣ ಬಡೀರಿ." ಅಜ್ಜ ಒಂದೇ ಕಣ್ಣು ಹೊಡೆದರು. ಅಜ್ಜಿ ಒಳಗಿನಿಂದ, "ಈ ವಯಸ್ಸಿನ್ಯಾಗ ಯಾರಿಗಿ?" ಎಂದಾಗ ನಕ್ಕದ್ದಕ್ಕೆ ಎರಡು ಕಣ್ಣೂ ಮುಚ್ಚಿ ತೆರೆದವು, ಪ್ರಮಾಣದ ಮೆಸೇಜು ಬಂತು. ಇಪಿಎಸ್‌ನವರು, ಅಂದರೆ ನೌಕರರ ಪಿಂಚಣಿ ಯೋಜನೆಯವರು, ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ ಎಂಬುದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದೆವು.

ಅರವತ್ತರ ಮೇಲೆ ಮಂದಿಗೆ ಆಯಿತು, ಹನ್ನೊಂದು ಮಂದಿಗೆ ಆಗಲಿಲ್ಲ. ಹೆಚ್ಚಿನವರಿಗೆ ಆಧಾರಿನ ಹೆಸರಿಗೂ ಪಿಂಚಣಿ ಕಾಗದದ ಹೆಸರಿಗೂ ತಾಳೆಯಾಗದ್ದೇ ಕಾರಣ.

ಲೆಕ್ಕ ಹೇಳಿಬಿಡುತ್ತೇನೆ. ರದ್ದಿ ಹದಿನೇಳು, ಗೊಬ್ಬರ ಒಂದು ಸಾವಿರದ ಇನ್ನೂರು, ಒಬ್ಬ ಹೋಟೆಲ್ ಧಣಿಗಳು ಕೊಟ್ಟದ್ದು ಐದು ಸಾವಿರ. ತಮ್ಮ ಹೆಸರಿನ ಬ್ಯಾನರ್ ಬೇಕೆಂದವರೊಬ್ಬರ ಹತ್ತು ಸಾವಿರವನ್ನು ಬೇಡವೆಂದೆ, ಮನೆಗೆ ಬಂದ ಮೇಲೆ ಸ್ವಲ್ಪ ಪಶ್ಚಾತ್ತಾಪವೂ ಆಯಿತು. ಖರ್ಚಿನಲ್ಲಿ ಡ್ರಮ್ ಎರಡಕ್ಕೆ ಸಾವಿರದ ಎಂಟುನೂರು. ಗ್ಲೌಸು, ಝೆರಾಕ್ಸು, ರೀಚಾರ್ಜು, ಬಸ್ಸು ಸೇರಿ ಬೇರೆ ಐದು ಸಾವಿರದ ಆಸುಪಾಸು. ವಡಾಪಾವಿಗೇ ಹತ್ತು ಸಾವಿರದ ಹತ್ತಿರ. ಇದನ್ನು ಓದಿ ಹುಬ್ಬೇರಿಸುವವರು ಹಸಿದ ಎಂಟನೆಯ ತರಗತಿಯವರನ್ನು ಶನಿವಾರ ಮುಕ್ಕಾಲು ಗಂಟೆ ನಿಲ್ಲಿಸಿ ನೋಡಲಿ. ಹದಿನೆಂಟರಲ್ಲಿ ಕೊನೆಗೆ ಉಳಿದದ್ದು ಹದಿನೈದು. ಇಬ್ಬರನ್ನು ಟ್ಯೂಷನ್ ಎಳೆದುಕೊಂಡಿತು, ಒಬ್ಬನ ಮನೆಯವರು ಊರಿಗೆ ಮರಳಿದರು.

ಉಳಿದ ಆರು ಸಾವಿರದಲ್ಲಿ ಅರ್ಧ ಹತ್ತನೆಯವರ ಹಳೆ ಪ್ರಶ್ನೆಪತ್ರಿಕೆಗೆ ಹೋಯಿತು. ಮಿಕ್ಕದ್ದು ಡಬ್ಬಿಯಲ್ಲಿದೆ, ಬೀಗದ ಕೈ ತಕ್ಕಡಿಯ ಹುಡುಗಿಯ ಹತ್ತಿರ. ಜೂನ್‌ನಲ್ಲಿ ಅವಳೂ ಹತ್ತನೆಯ ತರಗತಿ, ಕೊಡು ಎಂದರೆ "ನೋಡೋಣ ಟೀಚರ್" ಎನ್ನುತ್ತಾಳೆ. ಡ್ರಮ್ಮಿಗೆ ಹೊಸ ಮುಚ್ಚಳವೂ ಬೇಕು, ಹಳೆಯದನ್ನು ರಜೆಯಲ್ಲಿ ಯಾರೋ ಭಂಗಾರಿಗೆ, ಅಂದರೆ ಗುಜರಿಗೆ, ಹಾಕಿದ್ದಾರೆ.