ಸ್ವಿಂಗ್ ರಾತ್ರಿಗೆ ಹಾಡು ಹಾಕುವುದು: ನನ್ನ ಅನುಭವ

ಹಳೆಯ ಜಾಝ್ ಹಾಡುಗಳಿಗೆ ಜೋಡಿಯಾಗಿ ಕುಣಿಯುವ ನಮ್ಮ ಸ್ವಿಂಗ್ ಡ್ಯಾನ್ಸ್ ರಾತ್ರಿಗಳಲ್ಲಿ ದುಡ್ಡು ತೆಗೆದುಕೊಂಡು ಹಾಡು ಹಾಕುವವರು ಯಾರೂ ಇಲ್ಲ. ಕುಣಿಯಲು ಬರುವವರಲ್ಲೇ ಕೆಲವರು ಸರದಿಯ ಮೇಲೆ ಡಿಜೆ ಆಗುತ್ತೇವೆ. ನಾನು ಈ ಕೆಲಸ ಮಾಡುತ್ತಾ ಬಹಳ ಕಾಲವಾಯಿತು. ಹೊಸ ಡಿಜೆಗಳಿಗೆ ಹೇಳಿಕೊಡುವುದೂ ಈಗ ನನ್ನ ಪಾಲಿಗೇ ಬಂದಿದೆ. ಅವರು ಮೊದಲು ಕೇಳುವುದು, 'ಯಾವ ಹಾಡು ಹಾಕಲಿ?' ಅಂತ. ನಾನು ಮೊದಲು ಹೇಳುವುದು, 'ಲ್ಯಾಪ್‌ಟಾಪ್ ಬಿಟ್ಟು ಫ್ಲೋರ್ ನೋಡಿ' ಅಂತ.

ಫ್ಲೋರ್ ನೋಡುವುದು ಅಂದರೆ ಮುಖ್ಯವಾಗಿ ಗೋಡೆ ಪಕ್ಕ ಯಾರು ನಿಂತಿದ್ದಾರೆ ಎಂದು ನೋಡುವುದು. ಕುಣಿಯುತ್ತಿರುವವರು ಹೇಗೂ ಖುಷಿಯಾಗಿದ್ದಾರೆ. ನಿಂತವರೆಲ್ಲ ಹೊಸಬರಾಗಿದ್ದರೆ ಹಾಡಿನ ವೇಗ ಅವರಿಗೆ ಜಾಸ್ತಿಯಾಗಿದೆ. ಹಳಬರು ಕೈಕಟ್ಟಿ ನಿಂತಿದ್ದರೆ ಬಹಳ ಹೊತ್ತಿನಿಂದ ಒಂದೇ ಥರದ ಹಾಡು ಬರುತ್ತಿರಬಹುದು. ಎಲ್ಲರೂ ಬೆವರು ಒರೆಸಿಕೊಂಡು ನೀರು ಹುಡುಕುತ್ತಿದ್ದರೆ ಮುಂದಿನದು ನಿಧಾನದ ಹಾಡೇ ಆಗಬೇಕು. ಮೊದಲಿನಿಂದ ಕೊನೆಯವರೆಗೆ ಪಟ್ಟಿ ಜೋಡಿಸಿಕೊಂಡು ಬಂದವರು ಇದನ್ನೆಲ್ಲ ನೋಡಿಯೂ ಏನು ಮಾಡಲು ಸಾಧ್ಯ? ಅದಕ್ಕೇ ನಾನು ಮೊದಲ ಮೂರು ನಾಲ್ಕು ಹಾಡುಗಳನ್ನು ಮಾತ್ರ ಗೊತ್ತುಮಾಡಿಕೊಂಡು ಹೋಗುತ್ತೇನೆ. ಉಳಿದದ್ದನ್ನು ಅಲ್ಲೇ ಆರಿಸುತ್ತೇನೆ. ಒಂದು ಹಾಡು ನಡೆಯುವಾಗ ಮುಂದಿನದು ಸಿದ್ಧವಿದ್ದರೆ ಸಾಕು.

ಹಾಗೆ ಆರಿಸಲು ಪ್ರತಿ ಹಾಡಿನ ವೇಗ ಗೊತ್ತಿರಬೇಕು. ನಿಮಿಷಕ್ಕೆ ಎಷ್ಟು ಬೀಟ್ ಎಂಬುದೇ ಬಿಪಿಎಂ. ಸಾಫ್ಟ್‌ವೇರ್ ಇದನ್ನು ಹೇಳುತ್ತದೆ ನಿಜ. ಆದರೆ ಹಳೆಯ ಜಾಝ್ ವಿಷಯದಲ್ಲಿ ಅದು ಎಷ್ಟೋ ಸಲ ಅರ್ಧ ಲೆಕ್ಕವನ್ನೋ ದುಪ್ಪಟ್ಟು ಲೆಕ್ಕವನ್ನೋ ಕೊಡುತ್ತದೆ. 180ರ ಹಾಡಿನ ಮುಂದೆ 90 ಎಂದು ಬಂದಿರುತ್ತದೆ. ನಾನು 15 ಸೆಕೆಂಡ್ ಕಾಲು ತಟ್ಟಿ ಎಣಿಸುತ್ತೇನೆ, 4ರಿಂದ ಗುಣಿಸುತ್ತೇನೆ, ಹಾಡಿನ ಹೆಸರಿನ ಪಕ್ಕ ಬರೆದಿಡುತ್ತೇನೆ. ಬೇಸರದ ಕೆಲಸ ಅನ್ನಿಸಬಹುದು. ಆದರೆ ಹಾಡುಗಳು ಬಾಯಿಪಾಠವಾಗುವುದು ಹೀಗೆ ಎಣಿಸುವಾಗಲೇ.

ರಾತ್ರಿಯ ಶುರುವಿನಲ್ಲಿ ಹೊಸಬರಿಗೆ ನಡೆಯುವ ಪಾಠ ಮುಗಿದ ನಂತರದ ಅರ್ಧ ಗಂಟೆ ಇದೆಯಲ್ಲ, ನನ್ನ ಪ್ರಕಾರ ಇಡೀ ರಾತ್ರಿಯಲ್ಲಿ ಅದೇ ಮುಖ್ಯ. ಹೊಸಬರು ಆಗತಾನೇ ಎರಡು ಬೀಟಿನಲ್ಲಿ ಮೂರು ಹೆಜ್ಜೆ ಇಡುವ ಟ್ರಿಪಲ್ ಸ್ಟೆಪ್ ಕಲಿತಿರುತ್ತಾರೆ. ಆ ಹೊತ್ತಿಗೆ 200ರ ಹಾಡು ಬಂದರೆ ಕಾಲು ಸಿಕ್ಕಿಕೊಳ್ಳುತ್ತದೆ. 'ಇದು ನನ್ನಿಂದಾಗದು' ಎಂದು ಮನೆಗೆ ಹೋದವರು ಮತ್ತೆ ಬರುವುದು ಕಷ್ಟ. ಪಾಠದಲ್ಲಿ ಯಾವ ವೇಗದಲ್ಲಿ ಅಭ್ಯಾಸ ಮಾಡಿಸಿದರು ಎಂದು ಟೀಚರನ್ನು ಕೇಳುತ್ತೇನೆ. ಸಾಮಾನ್ಯವಾಗಿ ಅದು 120ರಿಂದ 140. ಅಲ್ಲಿಂದಲೇ ಶುರು ಮಾಡುತ್ತೇನೆ. ಬೀಟ್ ಎದ್ದು ಕೇಳುವಂಥ, ಮಧ್ಯದಲ್ಲಿ ವೇಗ ಬದಲಾಗದಂಥ ಹಾಡುಗಳೇ ಆಗಬೇಕು. ತೀರಾ ನಿಧಾನದ್ದೂ ಬೇಡ. 100ರ ಆಸುಪಾಸಿನ ಹಾಡಿನಲ್ಲಿ ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಏನು ಮಾಡಬೇಕು ಎಂಬುದು ಹೊಸಬರಿಗೆ ತಿಳಿಯುವುದಿಲ್ಲ.

ಆಮೇಲೆ ನಿಧಾನವಾಗಿ ಮೇಲೇರುತ್ತೇನೆ. 140, 155, 170, ಒಂದು 190, ಮತ್ತೆ 145. ಹೀಗೆ ಏರಿ ಇಳಿಯುತ್ತಿದ್ದರೆ ದಮ್ಮು ಉಳಿಯುತ್ತದೆ. 200 ದಾಟಿದ ಹಾಡು ಗಂಟೆಗೆ ಒಂದೆರಡು ಸಾಕು. ಬಾಲ್ಬೋವಾ ಕುಣಿಯುವವರು ಜಾಸ್ತಿ ಇದ್ದರೆ ಮಾತ್ರ ಲೆಕ್ಕ ಬೇರೆ. ಅದು ಹತ್ತಿರ ನಿಂತು ಸಣ್ಣ ಹೆಜ್ಜೆಯಲ್ಲಿ ಕುಣಿಯುವ ಡ್ಯಾನ್ಸ್, ಅವರಿಗೆ ವೇಗದ ಹಾಡೇ ಇಷ್ಟ.

ವೇಗ ಒಂದೇ ಸರಿಯಿದ್ದರೆ ಸಾಲದು. ಹಾಡು ಸ್ವಿಂಗ್ ಆಗಬೇಕು, ಅಂದರೆ ಬೀಟ್ ಕಾಲನ್ನು ಮುಂದಕ್ಕೆ ಉರುಳಿಸಬೇಕು. ನಾವು ಕುಣಿಯುವ ಲಿಂಡಿ ಹಾಪ್ ಎಂಬ ಸ್ವಿಂಗ್ ಡ್ಯಾನ್ಸ್ ಹುಟ್ಟಿದ್ದು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ, ಕಪ್ಪು ಜನರ ನಡುವೆ. 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮ್‌ನಲ್ಲಿ ಅದು ಬೆಳೆಯಿತು. ಅಲ್ಲಿ ಎರಡು ಬ್ಯಾಂಡ್‌ಸ್ಟ್ಯಾಂಡ್ ಇದ್ದವು, ಒಂದು ಬ್ಯಾಂಡ್ ನಿಲ್ಲಿಸಿದರೆ ಇನ್ನೊಂದು ಶುರು. ಅಲ್ಲಿನ ಬ್ಯಾಂಡ್ ನಾಯಕ ಚಿಕ್ ವೆಬ್ ಡ್ರಮ್ ಬಾರಿಸುತ್ತಿದ್ದದ್ದು ಕುಣಿಯುವವರ ಎದುರಿಗೇ. ಅವರಿಗಾಗಿಯೇ ನುಡಿಸಿದ ಸಂಗೀತ ಇದು. ಅದಕ್ಕೇ ಇವತ್ತಿಗೂ ಕಾಲಿಗೆ ಅಷ್ಟು ಚೆನ್ನಾಗಿ ಸಿಗುತ್ತದೆ. ಹೊಸ ಡಿಜೆಗಳಿಗೆ ನಾನು ಬ್ಯಾಂಡ್ ನಾಯಕ ಕೌಂಟ್ ಬೇಸಿಯ 1930ರ ದಶಕದ ಕೊನೆಯ ರೆಕಾರ್ಡಿಂಗ್‌ಗಳನ್ನು ಕೇಳಿಸುತ್ತೇನೆ. ಟ್ರಂಪೆಟ್ ಬಿಡಿ, ಕೆಳಗೆ ಏನು ನಡೆಯುತ್ತಿದೆ ಕೇಳಿ ಅನ್ನುತ್ತೇನೆ. ಫ್ರೆಡ್ಡಿ ಗ್ರೀನ್ ಗಿಟಾರ್, ವಾಲ್ಟರ್ ಪೇಜ್ ಬೇಸ್, ಜೋ ಜೋನ್ಸ್ ಡ್ರಮ್ಸ್. ನಾಲ್ಕೂ ಬೀಟ್ ಸಮವಾಗಿ ಮುಂದಕ್ಕೆ ಉರುಳುತ್ತವೆ. ಈ ಉರುಳು ಒಮ್ಮೆ ಕಿವಿಗೆ ಸಿಕ್ಕಿದರೆ ಯಾವ ಹಾಡು ಕುಣಿಸುತ್ತದೆ, ಯಾವುದು ಬರೀ ಹಳೆಯ ಕಾಲದ್ದು ಅಂತ ತಾನಾಗಿಯೇ ತಿಳಿಯುತ್ತದೆ. ಈಗಿನ ಬ್ಯಾಂಡ್‌ಗಳಲ್ಲೂ ಹೀಗೆ ನುಡಿಸುವವರಿದ್ದಾರೆ, ಅವರನ್ನೂ ಹಾಕುತ್ತೇನೆ. ಹಳೆಯ ಸ್ವಿಂಗಿಗೆ ಎಲೆಕ್ಟ್ರಾನಿಕ್ ಬೀಟ್ ಬೆರೆಸಿದ ಎಲೆಕ್ಟ್ರೋ ಸ್ವಿಂಗ್ ಮಾತ್ರ ಹಾಕುವುದಿಲ್ಲ. ಅದರ ನೇರ ಬೀಟಿಗೆ ಲಿಂಡಿ ಹೆಜ್ಜೆ ಕೂರುವುದಿಲ್ಲ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಹತ್ತು ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಸುಮಾರು 3 ನಿಮಿಷ ಹಿಡಿಸುತ್ತಿತ್ತು. ಒಬ್ಬರ ಜೊತೆ ಒಂದು ಹಾಡು ಕುಣಿಯಲು ಅದು ಹೇಳಿ ಮಾಡಿಸಿದ ಅಳತೆ. ಏಳೆಂಟು ನಿಮಿಷದ ಲೈವ್ ರೆಕಾರ್ಡಿಂಗ್ ಕೇಳಲು ಚೆಂದ. ಆದರೆ ಪರಿಚಯವೇ ಇಲ್ಲದವರ ಜೊತೆ ಅಷ್ಟು ಹೊತ್ತು ಸಿಕ್ಕಿಹಾಕಿಕೊಳ್ಳುವುದು ಎಲ್ಲರಿಗೂ ಹಿತವಲ್ಲ, ಅಲ್ವಾ? 4 ನಿಮಿಷ ದಾಟಿದ್ದನ್ನು ಯೋಚಿಸಿಯೇ ಹಾಕುತ್ತೇನೆ. ಹಾಡುಗಳನ್ನು ಒಂದರೊಳಗೊಂದು ಬೆರೆಸುವುದೂ ಇಲ್ಲ. ಕೊನೆಯ ಸ್ವರ ಪೂರ್ತಿ ಮುಗಿಯಲಿ. ಎರಡು ಮೂರು ಸೆಕೆಂಡ್ ಸುಮ್ನೆ ಬಿಡಿ. ಥ್ಯಾಂಕ್ಸ್ ಹೇಳಿ ಇನ್ನೊಬ್ಬರನ್ನು ಕರೆಯಲು ಅಷ್ಟು ಬಿಡುವು ಬೇಕು. ಅದಕ್ಕಿಂತ ಜಾಸ್ತಿಯಾದರೆ ಎಲ್ಲರೂ ಕೂತುಬಿಡುತ್ತಾರೆ.

ಸೌಂಡ್ ವಿಷಯದಲ್ಲಿ ನಾನು ಸ್ವಲ್ಪ ಹಟದವನು. ಒಂದೇ ಹಳೆಯ ರೆಕಾರ್ಡಿಂಗಿಗೆ ಹತ್ತಾರು ಡಿಜಿಟಲ್ ಪ್ರತಿಗಳಿರುತ್ತವೆ. ಕೆಲವದರಲ್ಲಿ ಸರಸರ ಸದ್ದು ತೆಗೆಯಲು ಹೋಗಿ ಡ್ರಮ್ಸಿನ ಸಿಂಬಲ್ (ಲೋಹದ ತಟ್ಟೆ) ಸದ್ದನ್ನೂ ಅಳಿಸಿರುತ್ತಾರೆ. ಸ್ವಲ್ಪ ಸರಸರ ಇದ್ದರೂ ಡ್ರಮ್ಸ್ ಜೀವಂತವಾಗಿರುವ ಪ್ರತಿಯೇ ವಾಸಿ. ಹಳೆಯದಾದ ಮೇಲೆ ಹೊಸ ರೆಕಾರ್ಡಿಂಗ್ ಬಂದರೆ ಸದ್ದು ಒಮ್ಮೆಲೇ ಏರುತ್ತದೆ, ಹಾಗಾಗಿ ವಾಲ್ಯೂಮ್ ಮೇಲೆ ಕೈ ಇರಲೇಬೇಕು. ಔಟ್‌ಪುಟ್ ಮೋನೋದಲ್ಲಿರಲಿ, ಅಂದರೆ ಎಲ್ಲ ಸ್ಪೀಕರಿನಲ್ಲೂ ಒಂದೇ ಸದ್ದು ಬರಲಿ. ಮೊದಮೊದಲ ಸ್ಟೀರಿಯೋ ರೆಕಾರ್ಡಿಂಗ್‌ಗಳಲ್ಲಿ ಒಂದೊಂದು ವಾದ್ಯ ಪೂರ್ತಿ ಒಂದೇ ಬದಿಗಿರುತ್ತದೆ. ಹಾಲಿನ ಒಂದು ಮೂಲೆಯವರಿಗೆ ಡ್ರಮ್ಸೇ ಕೇಳದೆ ಹೋಗಬಹುದು. ಜನ ತುಂಬಿದಂತೆ ಅವರ ಮೈ, ಬಟ್ಟೆಗಳೇ ಸದ್ದನ್ನು ಹೀರಿಕೊಳ್ಳುತ್ತವೆ. ಆಗಾಗ ಫ್ಲೋರ್ ಮಧ್ಯೆ ನಡೆದು ಹೋಗಿ ಕೇಳಿಸಿಕೊಂಡು ಬರುತ್ತೇನೆ.

ಹಾಡುಗಳು ಲ್ಯಾಪ್‌ಟಾಪ್‌ನಲ್ಲೇ ಇರಲಿ, ಇಂಟರ್ನೆಟ್ ನಂಬಬೇಡಿ. ನೋಟಿಫಿಕೇಶನ್ ಆಫ್ ಮಾಡಿ. ಹೆಡ್‌ಫೋನಿಗೆ ಬೇರೆ ಔಟ್‌ಪುಟ್ ಬೇಕು, ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಇದ್ದರೆ ಆಯಿತು. ಮುಂದಿನ ಹಾಡಿನ ಶುರುವನ್ನು ಅದರಲ್ಲಿ ಕೇಳಿಯೇ ಹಾಕಬೇಕು. ಕೆಲವು ಹಾಡುಗಳ ಮುನ್ನುಡಿ ಬೀಟೇ ಇಲ್ಲದೆ ಅರ್ಧ ನಿಮಿಷ ಎಳೆಯುತ್ತದೆ.

ಯಾರಾದರೂ ಇಂಥ ಹಾಡು ಹಾಕಿ ಎಂದು ಕೇಳಿದರೆ ನಗುನಗುತ್ತಾ ಬರೆದುಕೊಳ್ಳುತ್ತೇನೆ, ಮಾತು ಮಾತ್ರ ಕೊಡುವುದಿಲ್ಲ. 'ಹೊಂದುವ ಜಾಗ ಸಿಕ್ಕಿದರೆ ಹಾಕುತ್ತೇನೆ' ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹುಟ್ಟುಹಬ್ಬದವರ ಜೊತೆ ಒಬ್ಬೊಬ್ಬರಾಗಿ ಬಂದು ಕುಣಿಯುವ ಜ್ಯಾಮ್‌ಗೆ, ಎಲ್ಲರೂ ಸಾಲಾಗಿ ಕುಣಿಯುವ ಶಿಮ್ ಶ್ಯಾಮ್‌ಗೆ ಯಾವ ಹಾಡು, ಎಷ್ಟು ಹೊತ್ತಿಗೆ ಎಂಬುದನ್ನು ನಡೆಸುವವರ ಹತ್ತಿರ ಮೊದಲೇ ಮಾತಾಡಿಕೊಂಡಿರುತ್ತೇನೆ.

ಒಂದೇ ರಾತ್ರಿ ಇಬ್ಬರು ಡಿಜೆ ಇದ್ದರೆ ಮೊದಲಿನವರು ಹಾಕಿದ ಹಾಡುಗಳ ಪಟ್ಟಿ ಎರಡನೆಯವರ ಕೈಗೆ ಸಿಗಬೇಕು. ಎರಡನೆಯವರು ತಮ್ಮ ಸರದಿಗೆ ಕಾಲು ಗಂಟೆ ಮುಂಚೆ ಬಂದು ಫ್ಲೋರ್ ನೋಡಬೇಕು. ಮೊದಲಿನವರು ಕೊನೆಗೆ 210ರ ಹಾಡು ಹಾಕಿ ಇಳಿಯುವುದು ಸರಿಯಲ್ಲ. ಮುಂದಿನವರು ಯಾವ ಕಡೆಗಾದರೂ ಹೋಗಬಹುದಾದ 150ರ ಹಾಡು ಬಿಟ್ಟುಕೊಡಬೇಕು. ರಾತ್ರಿಯ ಕೊನೆಯ ಹಾಡಿಗೆ ಮುಂಚೆ ಇನ್ನು ಎರಡೇ ಹಾಡು ಅಂತ ಮೈಕಿನಲ್ಲಿ ಹೇಳುತ್ತೇನೆ. ಇನ್ನೂ ಯಾರ ಜೊತೆ ಕುಣಿಯಬೇಕು ಅಂದುಕೊಂಡಿದ್ದರೋ ಅವರನ್ನು ಹುಡುಕಿಕೊಳ್ಳಲು ಸಮಯ ಸಿಗುತ್ತದೆ.