ಹೊಟ್ಟೆಯಲ್ಲೊಂದು, ಕಂಕುಳಲ್ಲೊಂದು: ಗಂಡ ಆಸ್ಪತ್ರೆಯಲ್ಲಿದ್ದಾಗ ಮನೆ ನಡೆಸಿದ ಬಗೆ

ಗಂಡನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ನನಗೆ 24 ವಾರದ ಬಸಿರು, ದೊಡ್ಡ ಮಗುವಿಗೆ ಎರಡೂವರೆ ವರ್ಷ. ಅಲ್ಲಿಂದ ಹೆರಿಗೆಯವರೆಗೆ ಮನೆಯಲ್ಲಿ ದೊಡ್ಡವಳು ಅಂತ ಇದ್ದದ್ದು ನಾನೊಬ್ಬಳೇ. ಇದೇ ಸ್ಥಿತಿಯಲ್ಲಿರುವವರಿಗೆ ಓದಲು ಪುರುಸೊತ್ತು ಇರುವುದಿಲ್ಲ, ಅದಕ್ಕೆ ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ತೀರ್ಮಾನಗಳನ್ನೆಲ್ಲ ಹಗಲು ಹೊತ್ತು, ತಲೆ ತಿಳಿಯಾಗಿರುವಾಗ ಮಾಡಿ ಬರೆದಿಡಿ. ರಾತ್ರಿ ಎರಡಕ್ಕೆ ಮಗುವಿಗೆ ಜ್ವರ, ಹೊಟ್ಟೆಯಲ್ಲಿ ಬಿಗಿತ, ವಾರ್ಡಿನಿಂದ ಫೋನು ಮೂರೂ ಒಟ್ಟಿಗೆ ಬಂದಾಗ ಯೋಚಿಸುವ ಶಕ್ತಿ ಇರುವುದಿಲ್ಲ. ಬರೆದದ್ದನ್ನು ಓದಿ ಹಾಗೇ ಮಾಡುವ ಶಕ್ತಿ ಮಾತ್ರ ಇರುತ್ತದೆ.

ಮುಂಬಾಗಿಲ ಒಳಬದಿಗೆ ಒಂದೇ ಒಂದು ಹಾಳೆ ಅಂಟಿಸಿದ್ದೆ. ಫೋನಿನಲ್ಲಿ ಬರೆದಿಟ್ಟರೆ ಸಾಲದು. ಚಾರ್ಜ್ ಇಳಿದಿರಬಹುದು, ನೆರವಿಗೆ ಬಂದವರಿಗೆ ಅದು ಕಾಣುವುದೂ ಇಲ್ಲ. ಹಾಳೆಯ ತಲೆಯಲ್ಲಿ ನಮ್ಮದೇ ಮನೆಯ ವಿಳಾಸ ಇತ್ತು, ಏಕೆಂದರೆ ಗಾಬರಿಯಲ್ಲಿ ಅದೂ ಬಾಯಿಗೆ ಬರುವುದಿಲ್ಲ. ಅದರ ಕೆಳಗೆ ಆಂಬುಲೆನ್ಸ್, ಹೆರಿಗೆ ವಾರ್ಡು ಮತ್ತು ಗಂಡನ ವಾರ್ಡಿನ ನೇರ ಸಂಖ್ಯೆಗಳು, ಮೂವರ ರಕ್ತದ ಗುಂಪು, ಅಲರ್ಜಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಮಗುವಿನ ತೂಕ. ಕೊನೆಯಲ್ಲಿ, ಕರೆದರೆ ಬರುವ ಮೂವರ ಹೆಸರು, ಯಾರಿಗೆ ಮೊದಲು ಫೋನು ಮಾಡಬೇಕೋ ಆ ಕ್ರಮದಲ್ಲಿ. ಇಬ್ಬರು ಸಾಲುವುದಿಲ್ಲ. ಒಬ್ಬರು ಊರಲ್ಲಿರುವುದಿಲ್ಲ, ಇನ್ನೊಬ್ಬರಿಗೆ ನೆಗಡಿ ಇರುತ್ತದೆ, ಕಿಮೊಥೆರಪಿ ನಡೆಯುತ್ತಿರುವ ಮನೆಗೆ ನೆಗಡಿಯವರನ್ನು ಸೇರಿಸುವಂತಿಲ್ಲ.

ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದು ಜ್ವರದ ಬಗ್ಗೆ. ಥರ್ಮಾಮೀಟರ್ ಒಂದೇ, ಆದರೆ 38 ಡಿಗ್ರಿ ಸೆಲ್ಸಿಯಸ್ ಅನ್ನುವ ಅಂಕಿಗೆ ಮೂವರಲ್ಲಿ ಮೂರು ಅರ್ಥ. ಗಂಡ ಚಿಕಿತ್ಸೆಯ ಸುತ್ತುಗಳ ನಡುವೆ ಮನೆಗೆ ಬಂದಿದ್ದಾಗ 38 ಬಂದರೆ ಅದು ತುರ್ತು. ಬಿಳಿ ರಕ್ತಕಣ ಕಡಿಮೆ ಇರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಎರವಾಗಬಹುದು, ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ವಾರ್ಡಿಗೆ ತಿಳಿಸುವ ಮೊದಲು ಪ್ಯಾರಾಸಿಟಮಾಲ್ ಕೊಡಲೂಬಾರದು, ಜ್ವರ ಇಳಿದಂತೆ ಕಂಡು ಸೋಂಕು ಒಳಗೇ ಬೆಳೆಯುತ್ತದೆ. ನನಗೆ 38 ಬಂದರೆ ಅದೇ ದಿನ ಹೆರಿಗೆ ವಾರ್ಡಿಗೆ ಫೋನು. ಮಗುವಿಗೆ 38 ಬಂದರೆ ಅಂಕಿಗಿಂತ ಮಗುವನ್ನು ನೋಡಬೇಕು. ನೀರು ಕುಡಿಯುತ್ತಿದೆ, ನಡುನಡುವೆ ಆಡುತ್ತಿದೆ ಎಂದರೆ ಮನೆಯಲ್ಲೇ ಸುಧಾರಿಸಬಹುದು. ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಉಸಿರಾಡುವಾಗ ಪಕ್ಕೆಲುಬಿನ ಸಂದು ಒಳಗೆ ಸೆಳೆಯುತ್ತಿದ್ದರೆ, 8 ಗಂಟೆ ಮೂತ್ರ ಹೋಗದಿದ್ದರೆ, ಫಿಟ್ಸ್ ಬಂದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಎದ್ದರೆ ಹೊರಡಬೇಕು. ಜ್ವರ ಇರುವಷ್ಟು ದಿನ ಮಗು ಅಪ್ಪನ ಹತ್ತಿರ ಹೋಗುವಂತಿಲ್ಲ.

ಮಗುವಿನ ಜ್ವರದ ಸಿರಪ್‌ನಲ್ಲಿ ತಪ್ಪಾಗುವುದು ಸಾಮರ್ಥ್ಯದ ಲೆಕ್ಕದಲ್ಲಿ. ಪ್ಯಾರಾಸಿಟಮಾಲ್ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ ಸಾಮಾನ್ಯವಾಗಿ 15 ಮಿ.ಗ್ರಾಂ. 12 ಕಿಲೋ ಮಗುವಿಗೆ 180 ಮಿ.ಗ್ರಾಂ. ಬಾಟಲಿಯ ಮೇಲೆ 5 ಮಿ.ಲೀ.ಗೆ 120 ಮಿ.ಗ್ರಾಂ ಎಂದಿದ್ದರೆ ಅದು 7.5 ಮಿ.ಲೀ. ಆಗುತ್ತದೆ, 250 ಮಿ.ಗ್ರಾಂ ಎಂದಿದ್ದರೆ 3.6 ಮಿ.ಲೀ. ಮಾತ್ರ. ನೋಡಲು ಎರಡೂ ಬಾಟಲಿ ಒಂದೇ ಥರ ಇರುತ್ತವೆ. ಅದಕ್ಕೇ ಮನೆಯಲ್ಲಿ ಒಂದೇ ಸಾಮರ್ಥ್ಯದ ಬಾಟಲಿ ಇಟ್ಟು, ಮಕ್ಕಳ ವೈದ್ಯರಿಂದ ಲೆಕ್ಕ ಖಚಿತ ಮಾಡಿಸಿಕೊಂಡು, ಔಷಧದ ಸಿರಿಂಜಿನ ಮೇಲೆ ಅಳಿಸದ ಶಾಯಿಯಲ್ಲಿ ಗೆರೆ ಎಳೆದಿದ್ದೆ. ಯಾರು ಕೊಟ್ಟರೂ ಗೆರೆಯವರೆಗೆ ಎಳೆದರೆ ಸಾಕು. ಕೊಟ್ಟ ಹೊತ್ತನ್ನು ಹಾಳೆಯಲ್ಲಿ ಬರೆಯಲೇಬೇಕು. ನಾನು ಕೊಟ್ಟದ್ದು ಗೊತ್ತಿಲ್ಲದೆ ನೆರವಿಗೆ ಬಂದವರು ಇನ್ನೊಂದು ಸಲ ಕೊಡುವ ಸಾಧ್ಯತೆಯೇ ಹೆಚ್ಚು. ಎರಡು ಸಲದ ನಡುವೆ 4ರಿಂದ 6 ಗಂಟೆ ಅಂತರ ಬೇಕು, ದಿನಕ್ಕೆ 4 ಸಲ ಮೀರಬಾರದು.

ಇನ್ನು ಬಸಿರು. ಮನೆಯಲ್ಲಿ ದೊಡ್ಡ ಕಾಯಿಲೆ ಬಂದಾಗ ಬಸುರಿ ಮೊದಲು ಬಿಡುವುದು ತನ್ನ ತಪಾಸಣೆಯನ್ನೇ. ‘ಮುಂದಿನ ವಾರ ಹೋದರಾಯಿತು’ ಅನ್ನಿಸುತ್ತದೆ. ದಯವಿಟ್ಟು ಬಿಡಬೇಡಿ. 24ರಿಂದ 28 ವಾರದ ನಡುವಿನ ಸಕ್ಕರೆ ಪರೀಕ್ಷೆ, ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಇರುವವರಿಗೆ 28ನೇ ವಾರದ ಸುಮಾರಿಗೆ ಕೊಡುವ ಆಂಟಿ-ಡಿ ಚುಚ್ಚುಮದ್ದು, 27ರಿಂದ 36 ವಾರದೊಳಗಿನ ನಾಯಿಕೆಮ್ಮಿನ ಲಸಿಕೆ ಇವಕ್ಕೆಲ್ಲ ಗೊತ್ತಾದ ಕಾಲ ಉಂಟು, ದಾಟಿದರೆ ಪ್ರಯೋಜನ ಕಡಿಮೆ. ಗಂಡನ ಚಿಕಿತ್ಸೆಯ ದಿನಾಂಕ ಬಂದ ಕೂಡಲೇ ನನ್ನ ದಿನಾಂಕಗಳನ್ನೂ ಅದೇ ಕ್ಯಾಲೆಂಡರಿನಲ್ಲಿ ಬೇರೆ ಬಣ್ಣದಲ್ಲಿ ಬರೆಯುತ್ತಿದ್ದೆ. ಎರಡೂ ಒಂದೇ ದಿನ ಬಿದ್ದರೆ ಅಂದೇ ಫೋನು ಮಾಡಿ ನನ್ನದನ್ನು ಬದಲಿಸಿಕೊಳ್ಳುತ್ತಿದ್ದೆ, ರದ್ದು ಮಾಡುತ್ತಿರಲಿಲ್ಲ.

ಮನೆಯಲ್ಲಿ ಬಿ.ಪಿ. ಯಂತ್ರ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಒರಗು ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ಅಳೆಯಬೇಕು. ಮಗುವಿನ ಹಿಂದೆ ಓಡಿ ಬಂದ ಕೂಡಲೇ ಅಳೆದರೆ ಸುಳ್ಳು ಅಂಕಿ ಬರುತ್ತದೆ. 140/90 ಮುಟ್ಟಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಆಗಲೂ ಹಾಗೇ ಇದ್ದರೆ ಫೋನು. 160/110 ಎಂದರೆ ನೇರ ಆಸ್ಪತ್ರೆಗೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಯ ಕೆಳಗೆ ನೋವು, ಮುಖ ಕೈ ಒಮ್ಮೆಲೇ ಊದಿಕೊಳ್ಳುವುದು ಇವುಗಳನ್ನು ನಿದ್ದೆಗೆಟ್ಟದ್ದಕ್ಕೆ ಎಂದು ತಳ್ಳಿಹಾಕಬೇಡಿ. ನಿದ್ದೆಗೆಟ್ಟವರಿಗೂ ತಲೆ ನೋಯುತ್ತದೆ, ನಿಜ. ಅದಕ್ಕೇ ಅಂಕಿ ಬೇಕು.

ಕೂಸಿನ ಮಿಸುಕಾಟವನ್ನು 28 ವಾರದ ನಂತರ ದಿನಾ ಒಂದೇ ಹೊತ್ತಿಗೆ, ದೊಡ್ಡ ಮಗು ಮಲಗಿದ ಮೇಲೆ, ಎಡಮಗ್ಗುಲಾಗಿ ಮಲಗಿ ಎಣಿಸುತ್ತಿದ್ದೆ. ಎರಡು ಗಂಟೆಯೊಳಗೆ 10 ಸಲ ಸಿಗದಿದ್ದರೆ, ಅಥವಾ ದಿನನಿತ್ಯದ ರೂಢಿಗಿಂತ ಕಡಿಮೆ ಅನ್ನಿಸಿದರೆ, ಆಗಲೇ ಹೋಗಬೇಕು. ಹಗಲೆಲ್ಲ ಓಡಾಟದಲ್ಲಿದ್ದರೆ ಮಿಸುಕಾಟ ಗಮನಕ್ಕೇ ಬರುವುದಿಲ್ಲ, ಕೂತು ಎಣಿಸಬೇಕಾದದ್ದು ಅದಕ್ಕೆ. ಹೊಟ್ಟೆ ಬಿಗಿದರೆ ಮೂತ್ರ ಮಾಡಿ, ದೊಡ್ಡ ಲೋಟದಲ್ಲಿ ನೀರು ಕುಡಿದು, ಮಲಗಿ ನೋಡುತ್ತಿದ್ದೆ. ನೀರು ಕಡಿಮೆಯಾದರೂ ಹೊಟ್ಟೆ ಬಿಗಿಯುತ್ತದೆ. ಹಾಗೂ ನಿಲ್ಲದೆ, 37 ವಾರಕ್ಕೆ ಮೊದಲು ಗಂಟೆಗೆ ಆರು ಸಲ ಬಂದರೆ ಹೊರಡಬೇಕು. ರಕ್ತ ಕಂಡರೆ, ನೀರು ಹೋದರೆ ಕಾಯುವ ಮಾತೇ ಇಲ್ಲ.

ವಾರ್ಡಿನಲ್ಲಿ ಗಂಟೆಗಟ್ಟಲೆ ಕೂತಿರುವುದು ಸಣ್ಣ ವಿಷಯವಲ್ಲ. ಬಸುರಿಯರಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು. ಗಂಟೆಗೊಮ್ಮೆ ಎದ್ದು ಐದು ನಿಮಿಷ ನಡೆಯುತ್ತಿದ್ದೆ, ನೀರಿನ ಬಾಟಲಿ ಸದಾ ಕೈಯಲ್ಲಿ. ಒಂದೇ ಮೀನಖಂಡ ಊದಿ ನೋಯತೊಡಗಿದರೆ ಅಲ್ಲೇ ಇರುವ ವೈದ್ಯರಿಗೆ ತೋರಿಸಬೇಕು. ಕಿಮೊ ಔಷಧ ಕೊಟ್ಟ ಮೇಲೆ ಕನಿಷ್ಠ 48 ಗಂಟೆ ರೋಗಿಯ ಮೂತ್ರ, ವಾಂತಿ, ಬೆವರಿನಲ್ಲಿ ಔಷಧದ ಅಂಶ ಇರುತ್ತದೆ. ಆ ಬಟ್ಟೆ, ಆ ಬಕೆಟ್ಟು ಮುಟ್ಟುವ ಕೆಲಸ ಬಸುರಿಯದಲ್ಲ. ಬೇರೆ ಯಾರೂ ಇಲ್ಲದೆ ಮುಟ್ಟಲೇಬೇಕಾದರೆ ಎರಡು ಜೊತೆ ಗ್ಲೌಸ್, ಬಟ್ಟೆ ಬೇರೆಯಾಗಿ ಒಗೆತ, ಶೌಚಾಲಯಕ್ಕೆ ಮುಚ್ಚಳ ಮುಚ್ಚಿ ಎರಡು ಸಲ ನೀರು. ಎಷ್ಟು ದಿನ ಎಂಬುದು ಔಷಧದ ಮೇಲೆ ಹೋಗುತ್ತದೆ, ಪ್ರತಿ ಸುತ್ತಿನಲ್ಲೂ ನರ್ಸ್ ಹತ್ತಿರ ಕೇಳಿ ಬರೆದುಕೊಳ್ಳಿ. ಎಕ್ಸ್‌ರೇ ಅಥವಾ ವಿಕಿರಣದ ಕೋಣೆಯ ಹತ್ತಿರ ಹೋಗುವ ಮೊದಲೇ ಬಸುರಿ ಎಂದು ಹೇಳಿ. ಹೊಟ್ಟೆ ಕಾಣುತ್ತದೆ, ಅವರಿಗೇ ಗೊತ್ತಾಗುತ್ತದೆ ಎಂದುಕೊಳ್ಳಬೇಡಿ.

ಎತ್ತಿಕೊ ಎಂದು ಅಳುವ ಮಗುವನ್ನು ಎತ್ತದೇ ಇರುವುದು ಎಲ್ಲಕ್ಕಿಂತ ಕಷ್ಟ. ಅಪ್ಪ ಮನೆಯಲ್ಲಿಲ್ಲದ ಮಗುವಿಗೆ ತೋಳು ಬೇಕೇ ಬೇಕು. ನಾನು ನಿಂತು ಎತ್ತುವುದನ್ನು ಬಿಟ್ಟು, ಕೂತು ಕರೆಯುವುದನ್ನು ರೂಢಿ ಮಾಡಿದೆ. ಮಂಚದ ಅಂಚಿಗೆ ಕೂತು ಕೈ ಚಾಚಿದರೆ ಮಗು ತಾನೇ ತೊಡೆ ಹತ್ತುತ್ತದೆ. ಹೊಟ್ಟೆಗೆ ಒದೆಯದ ಹಾಗೆ ಒಂದು ಪಕ್ಕದಲ್ಲಿ ಕೂರಿಸಿಕೊಳ್ಳುವುದು. ಸ್ನಾನಕ್ಕೆ, ಮಂಚಕ್ಕೆ, ಬೇಸಿನ್ನಿಗೆ ಒಂದೊಂದು ಗಟ್ಟಿ ಮೆಟ್ಟಿಲು ಇಟ್ಟೆ. ಎತ್ತಲೇಬೇಕಾದಾಗ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಮಗುವನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಏಳಬೇಕು. ಎತ್ತಿಕೊಂಡು ಸೊಂಟ ತಿರುಗಿಸಬಾರದು, ಬೆನ್ನು ಹಿಡಿಯುವುದು ಆಗಲೇ.

ಮಗುವಿಗೆ ಕಾಯಿಲೆಯ ಹೆಸರನ್ನೇ ಹೇಳಿದೆ: ‘ಅಪ್ಪನಿಗೆ ಕ್ಯಾನ್ಸರ್ ಅನ್ನೋ ಕಾಯಿಲೆ. ನೀನು ಏನೋ ಮಾಡಿದ್ದಕ್ಕೆ ಬಂದಿದ್ದಲ್ಲ. ನಿಂಗೆ ಅಂಟಲ್ಲ.’ ಬರೀ ‘ಹುಷಾರಿಲ್ಲ’ ಎಂದರೆ ತನಗೆ ನೆಗಡಿಯಾದಾಗಲೂ ಮಗು ಹೆದರುತ್ತದೆ. ಕೂದಲು ಉದುರುವ ಮೊದಲೇ ತಿಳಿಸಿದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ ಬೈಯಬೇಡಿ, ಈ ಸ್ಥಿತಿಯಲ್ಲಿ ಅದು ಸಹಜ. ಹಾಸಿಗೆಗೆ ಮೊದಲು ನೀರು ಇಳಿಯದ ಹೊದಿಕೆ, ಮೇಲೆ ಬೆಡ್‌ಶೀಟು, ಅದರ ಮೇಲೆ ಮತ್ತೊಂದು ಹೊದಿಕೆ, ಮತ್ತೊಂದು ಬೆಡ್‌ಶೀಟು. ರಾತ್ರಿ ಮೇಲಿನ ಎರಡನ್ನು ಎಳೆದು ಮೂಲೆಗೆ ಹಾಕಿದರೆ ಕೆಳಗೆ ಒಣಗಿದ ಹಾಸಿಗೆ ಸಿದ್ಧ, ದೀಪವನ್ನೂ ಹಾಕಬೇಕಿಲ್ಲ.

‘ಏನಾದರೂ ಬೇಕಿದ್ದರೆ ಹೇಳಿ’ ಅನ್ನುವವರಿಗೆ ಏನು ಬೇಕೋ ಅದನ್ನೇ ಹೇಳಿ, ವಾರ ಮತ್ತು ಹೊತ್ತಿನ ಸಮೇತ: ‘ಮಂಗಳವಾರ 3ರಿಂದ 5ರವರೆಗೆ ಮಗುವಿನ ಜೊತೆ ಇರ್ತೀರಾ? ನಾನು ಮಲಗಬೇಕು.’ ಮಲಗಲು ಸಹಾಯ ಕೇಳುವುದು ಕೂಡ ಸಹಾಯವೇ, ಅದಕ್ಕೆ ಸಂಕೋಚ ಬೇಡ. ಗಂಡನ ಸುದ್ದಿ ಎಲ್ಲರಿಗೂ ಹೇಳುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿದೆ. ದಿನಕ್ಕೆ ಹತ್ತು ಸಲ ಅದೇ ವಿವರ ಹೇಳುವುದು ನಿಂತಿತು. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಹತ್ತದಿದ್ದರೆ, ತಪಾಸಣೆಯಲ್ಲಿ ಬಿ.ಪಿ. ಹೇಳುವ ಹಾಗೆಯೇ ಇದನ್ನೂ ಹೇಳಿ. ಬಸಿರಿನಲ್ಲೂ ಖಿನ್ನತೆ ಬರುತ್ತದೆ, ಚಿಕಿತ್ಸೆ ಇದೆ. ಬದುಕುವುದೇ ಬೇಡ ಅನ್ನಿಸಿದರೆ ಅದೇ ಗಳಿಗೆ ಯಾರನ್ನಾದರೂ ಎಬ್ಬಿಸಿ.

34 ವಾರಕ್ಕೆ ಎರಡು ಚೀಲ ಕಟ್ಟಿದೆ, ನನ್ನದು ಬೇರೆ, ಮಗುವಿನದು ಬೇರೆ, ಏಕೆಂದರೆ ಎರಡೂ ಎರಡು ದಿಕ್ಕಿಗೆ ಹೋಗುತ್ತವೆ. ಮಗುವಿನ ಚೀಲದಲ್ಲಿ ಹೊದ್ದು ಮಲಗುವ ಹಳೇ ಹೊದಿಕೆಯ ಒಂದು ತುಂಡು. ಮಗುವನ್ನು ನೋಡಿಕೊಳ್ಳುವವರ ಮನೆಯಲ್ಲಿ ಹೆರಿಗೆಗೆ ಮುಂಚೆಯೇ ಒಂದು ರಾತ್ರಿ ಮಲಗಿಸಿದ್ದೆ. ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. ನೋವು ಐದು ನಿಮಿಷಕ್ಕೊಮ್ಮೆ ಬರಲಿ ಎಂದು ಕಾಯುವುದು ಬೇಡ. ಹತ್ತು ನಿಮಿಷಕ್ಕೊಮ್ಮೆ ಬರುವಾಗಲೇ ಹಾಳೆಯ ಮೊದಲ ಹೆಸರಿಗೆ ಫೋನು, ಹದಿನೈದು ನಿಮಿಷ ಉತ್ತರವಿಲ್ಲದಿದ್ದರೆ ಎರಡನೆಯದಕ್ಕೆ. ಹೋದ ನೀರು ಹಸಿರು ಅಥವಾ ಕಂದು ಇದ್ದರೆ ಯಾರಿಗೂ ಕಾಯದೆ ಆಂಬುಲೆನ್ಸ್, ಮಗುವನ್ನೂ ಜೊತೆಗೇ ಕರೆದುಕೊಂಡು. ಹೆರಿಗೆ ವಾರ್ಡಿಗೆ ಮೊದಲೇ ಫೋನು ಮಾಡಿ, ಹೀಗೆ ಮಗು ಜೊತೆ ಬರಬೇಕಾಗಬಹುದು ಎಂದು ಕಡತದಲ್ಲಿ ಬರೆಸಿದ್ದೆ. ಹಾಳೆಯಲ್ಲಿದ್ದ ಮೂವರ ಬಳಿಯೂ ನಮ್ಮ ಮನೆಯ ಒಂದೊಂದು ಕೀಲಿಕೈ ಇತ್ತು.